‘ಅಬಿ ಗ್ರೇಂಜ್’ ಅನುವಾದ: ಮೂರನೇ ಗ್ಲಾಸಿನ ಗಸಿಗೆ ಕನ್ನಡದಾಗ ಏನನ್ನೋಣ?

ಸಾಧನಕೇರಿ ಓದುಗ:
ಧಾರವಾಡದ ನಮ್ಮ ಓದುಗರ ಬಳಗಕ್ಕ ಕಾನನ್ ಡಾಯ್ಲ್ ಅವರ 1904ರ ‘ಅಬಿ ಗ್ರೇಂಜ್’ ಕಥಿ ಕನ್ನಡಕ್ಕ ತರ್ಲಿಕ್ಹತ್ತೀನಿ. ಎರಡು ಕಡೆ ಸಿಕ್ಕೊಂಡೀನಿ. ಮೂವರು ಕಳ್ಳರು ವೈನ್ ಕುಡದ್ರು ಅಂತ ಮನಿಯವ್ರು ಹೇಳ್ತಾರ, ಆದ್ರ ಮೂರು ಗ್ಲಾಸಿನ್ಯಾಗ ಒಂದರಾಗಷ್ಟ ‘ಬೀಸ್‌ವಿಂಗ್’ ಅದ ಅಂತ ಪತ್ತೇದಾರ ಹೋಮ್ಸ್ ಸಂಶಯ ಪಡ್ತಾನ. ‘ಜೇನ್ನೊಣದ ರೆಕ್ಕಿ’ ಅಂತ ಬರದ್ರ ವೈನಿನ್ಯಾಗ ಹುಳ ಬಿದ್ದದ ಅಂತ ತಿಳ್ಕೋತಾರ. ‘ಗಸಿ’ ಅಂದ್ರ ಸಾಕೇನು? ಇನ್ನೊಂದು, ಬೂಚಿನ ಮ್ಯಾಲೆ, ಅದನ್ನ ಕೀಳೂ ತಿರುಪು ಮೂರು ಸಲ ಹೊಕ್ಕ ಗುರುತು ಯಾಕ ಅಷ್ಟು ದೊಡ್ಡ ಸುಳಿವು? ಬಲ್ಲವರು ಹೇಳ್ರಿ.

ಬೆಟಗೇರಿ ವಾಚಕ:
‘ಗಸಿ’ ಅರ್ಧ ಸರಿ. ಹಳೆಯ ಪೋರ್ಟ್ ವೈನ್ ಬಾಟಲಿಯ ಒಳಮೈಗೆ ದಪ್ಪಗೆ ಕಟ್ಟಿಕೊಳ್ಳುವುದು ‘ಕ್ರಸ್ಟ್’. ಬೀಸ್‌ವಿಂಗ್ ಅದರದೇ ಹಗುರ ರೂಪ: ತೆಳ್ಳಗೆ, ಮಿನುಗುತ್ತ ತೇಲಾಡುವ ಪೊರೆ. ವಿಂಟೇಜ್ ಪೋರ್ಟನ್ನು, ಅಂದರೆ ಒಂದೇ ವರ್ಷದ ದ್ರಾಕ್ಷಿಯಿಂದ ಮಾಡಿದ್ದನ್ನು, ಸುಮಾರು 2 ವರ್ಷ ಪೀಪಾಯಿಯಲ್ಲಿಟ್ಟು ಸೋಸದೆ ಬಾಟಲಿಗೆ ತುಂಬುತ್ತಾರೆ. ಮುಂದೆ 15-20 ವರ್ಷ ಬಾಟಲಿಯಲ್ಲೇ ಮಾಗುವಾಗ ಬಣ್ಣವೂ ಟ್ಯಾನಿನ್ ಎಂಬ ಒಗರೂ ಕೂಡಿಕೊಂಡು ಭಾರವಾಗಿ ಇಳಿಯುತ್ತವೆ. ನಮ್ಮಲ್ಲಿ ಪೋರ್ಟ್ ಹೆಸರಿನಲ್ಲಿ ಸಿಗುವ ಅಗ್ಗದ ಸಿಹಿ ವೈನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಬೇಡಿ, ಅದರಲ್ಲಿ ಗಸಿ ಕಟ್ಟುವುದಿಲ್ಲ.

ಮೊದಲ ಸಲ ‘ಪೊರೆಪೊರೆಯಾದ ಗಸಿ’ ಎನ್ನಿ, ಆಮೇಲೆ ಬರೀ ‘ಗಸಿ’. ‘ಕೆನೆ’ ಬೇಡ, ಅದು ಮೇಲೆ ನಿಲ್ಲುವಂಥದ್ದು. ‘ಚರಟ’ ಅಂದರೆ ಚಹಾಪುಡಿ ನೆನಪಾಗುತ್ತದೆ.

ತರ್ಕ ಗಟ್ಟಿಯಾಗಿ ಬರಬೇಕಾದರೆ ಒಂದು ವಿವರ ಬಿಡಬೇಡಿ: ಬಾಟಲಿಯಲ್ಲಿ ಇನ್ನೂ ಮೂರರಲ್ಲಿ ಎರಡು ಪಾಲು ವೈನ್ ಇದೆ. ಅಂದಮೇಲೆ ಮೂರನೇ ಗ್ಲಾಸಿಗೆ ಬಿದ್ದದ್ದು ತಳದ ವೈನ್ ಅಲ್ಲ. ಬಾಟಲಿ ತುಂಬ ಗಸಿ ಇರುವಾಗ ಎರಡು ಗ್ಲಾಸು ತಿಳಿಯಾಗಿ ಒಂದೇ ಗ್ಲಾಸು ಗಸಿಯಾಗಬೇಕಾದರೆ ನಡುವೆ ಯಾರೋ ಬಾಟಲಿಯನ್ನು ಜೋರಾಗಿ ಕುಲುಕಿರಬೇಕು. ಇಲ್ಲವೇ ಕುಡಿದವರು ಇಬ್ಬರೇ, ತಮ್ಮ ಗ್ಲಾಸುಗಳ ತಳವನ್ನು ಮೂರನೆಯದಕ್ಕೆ ಸುರಿದಿದ್ದಾರೆ.

ರಾಣೆಬೆನ್ನೂರು ಪುಸ್ತಕಪ್ರೇಮಿ:
ಬೂಚಿನ ಲೆಕ್ಕ ಅಳತಿಯೊಳಗ ಅದ ನೋಡ್ರಿ. ಇಂಥ ವೈನಿನ ಬೂಚು ಹತ್ತಿರ ಹತ್ತಿರ 2 ಇಂಚು ಉದ್ದ. ಹೋಮ್ಸ್ ಹೇಳೂ ಚಾಕುವಿನ ತಿರುಪು ಒಂದೂವರೆ ಇಂಚು ದಾಟೂದಿಲ್ಲ. ಮ್ಯಾಲಿನ ಭಾಗಕ್ಕಷ್ಟ ಹಿಡಿತ ಸಿಗ್ತದ, ಕೆಳಗಿನ ಭಾಗ ಬಾಟ್ಲಿ ಕುತ್ತಿಗಿಗೆ ಗಟ್ಟಿಯಾಗಿ ಅಂಟಿಕೊಂಡಿರ್ತದ. ಎಳದ್ರ ಹಳೇ ಬೂಚು ಪುಡಿಯಾಗಿ ತಿರುಪಷ್ಟ ಕಿತ್ತು ಬರ್ತದ, ಮತ್ತ ಬ್ಯಾರೆ ಕಡೆ ಚುಚ್ಚಬೇಕು. ಅದಕ್ಕ ಮೂರು ಗುರುತು. ಮನಿಯೊಳಗಿದ್ದ ಉದ್ದ ತಿರುಪಾಗಿದ್ರ ತಳದ ತನಕ ತೂರಿ ಒಂದ ಎಳತಕ್ಕ ತಗೀತಿತ್ತು. ಇಲ್ಲಿ ‘ಚುಚ್ಚಿಲ್ಲ’ ಅಂತ ಬರದ್ರ ಅರ್ಥ ಕೆಡ್ತದ, ಚುಚ್ಚಿದ್ದು ಖರೇನ. ‘ಆರ್‌ಪಾರ್ ಹೋಗಿಲ್ಲ’ ಅನ್ರಿ.

ವಿದ್ಯಾನಗರ ಹುಬ್ಬಳ್ಳಿ:
ಆ ಕಾಲದ ಬೇರೆ ಕಥೆಗಳನ್ನೂ ತರುವುದಿದ್ದರೆ: ‘ಕ್ಲಾರೆಟ್’ ಎಂದರೆ ಫ್ರಾನ್ಸಿನ ಬೋರ್ಡೋದ ಕೆಂಪು ವೈನ್, ‘ಹಾಕ್’ ಎಂದರೆ ಜರ್ಮನಿಯ ಬಿಳಿ ವೈನ್. ವೈನಿನ ‘ಡ್ರೈ’ಯನ್ನು ‘ಒಣ’ ಮಾಡಬೇಡಿ, ‘ಸಿಹಿಯಿಲ್ಲದ’ ಎನ್ನಿ. ‘ಬೊಕೆ’ ಹೂಗುಚ್ಛವಲ್ಲ, ಕಂಪು. ಈ ಬರವಣಿಗೆಯ ಧಾಟಿ ಹಿಡಿಯಲು ಜಾರ್ಜ್ ಸೇಂಟ್ಸ್‌ಬರಿ 1920ರಲ್ಲಿ ತಂದ ‘ನೋಟ್ಸ್ ಆನ್ ಎ ಸೆಲ್ಲರ್‌ಬುಕ್’ ಓದಿ. ಎಡಿನ್‌ಬರೋದಲ್ಲಿ ಸಾಹಿತ್ಯ ಕಲಿಸಿದ ಪ್ರೊಫೆಸರ್ ಅವರು. ವೈನ್ ಬಗ್ಗೆ ಅಷ್ಟು ಸವಿದು ಬರೆದವರು ಕಡಿಮೆ.

ಗಸಿಯ ವಿವರಣೆಯನ್ನು ಅಡಿಟಿಪ್ಪಣಿಗೆ ತಳ್ಳಬೇಡಿ. ಗ್ಲಾಸುಗಳು ಮೊದಲು ಕಣ್ಣಿಗೆ ಬೀಳುವ ಕಡೆಯೇ, ಹಳೇ ವೈನಿನಲ್ಲಿ ಇಂಥದ್ದು ಸಹಜ ಎಂಬಂತೆ, ಅರ್ಧ ಸಾಲಿನಲ್ಲಿ ಹೇಳಿಬಿಡಿ. ಹೋಮ್ಸ್ ಬಾಯಿಂದಲೇ ಮೊದಲು ಕೇಳಿದರೆ ಓದುಗನಿಗೆ ಊಹಿಸುವ ಅವಕಾಶವೇ ಸಿಗುವುದಿಲ್ಲ. ಪತ್ತೇದಾರಿ ಕಥೆಯಲ್ಲಿ ಅದು ಅನ್ಯಾಯ.

ಸಾಧನಕೇರಿ ಓದುಗ:
ಎಲ್ಲಾರಿಗೂ ಶರಣ್ರಿ. ‘ಆರ್‌ಪಾರ್’ ಹಾಕ್ತೀನಿ. ಬಾಟ್ಲಿಯೊಳಗ ಎಷ್ಟು ಉಳದಿತ್ತು ಅನ್ನೋ ಮಾತು ನನ್ನ ಕರಡಿನ್ಯಾಗ ಬಿಟ್ಟೇ ಹೋಗಿತ್ತು, ಇವತ್ತ ಸೇರಸ್ತೀನಿ.