ಶಾಲೆಯ ಸ್ಮರಣ ಸಂಚಿಕೆ: ಶಿರಸಿಯಲ್ಲೋ ಹುಬ್ಬಳ್ಳಿಯಲ್ಲೋ? ಪ್ರೆಸ್ ಆರಿಸುವುದು ಹೇಗೆ?

ಹೆಗಡೆ_ಶಿರಸಿ:
ನಮ್ಮೂರ ಶಾಲೆಯ ಶತಮಾನೋತ್ಸವಕ್ಕೆ ಸ್ಮರಣ ಸಂಚಿಕೆ ತರಬೇಕು. 1/8 ಡೆಮಿ (ಸುಮಾರು 5.5×8.5 ಇಂಚಿನ ಪುಸ್ತಕ), 160 ಪುಟ, ಅದರಲ್ಲಿ 16 ಬಣ್ಣದ್ದು. 1000 ಪ್ರತಿ. ಶಿರಸಿಯ ಪ್ರೆಸ್ಸಿನವರು ಒಂದು ರೇಟು ಹೇಳಿದ್ದಾರೆ, ಹುಬ್ಬಳ್ಳಿಯವರದ್ದು ಅದಕ್ಕಿಂತ ಕಡಿಮೆ. ಬೆಂಗಳೂರಿನಲ್ಲಿ ಡಿಜಿಟಲ್ (ಕಂಪ್ಯೂಟರಿನಿಂದ ನೇರ ಅಚ್ಚು) ಮಾಡಿಸಿ ಅನ್ನುವವರೂ ಇದ್ದಾರೆ. ಸಮಿತಿಯವರು ರೇಟು ಬಿಟ್ಟು ಬೇರೆ ನೋಡುತ್ತಿಲ್ಲ. ಏನೇನು ಕೇಳಬೇಕು? ಕೆಲಸ ಕೊಡುವುದು ಜುಲೈಯಲ್ಲಿ, ಬಿಡುಗಡೆ ಆಗಸ್ಟ್ 15ಕ್ಕೆ.

ಮಶಿ_ಕಾಗದ:
ಯಾರು ಯಾವ ಕಾಗದಕ್ಕೆ ರೇಟು ಹೇಳಿದ್ದಾರೆಂದೇ ಗೊತ್ತಿಲ್ಲದೆ ಹೋಲಿಸುವುದು ಹೇಗೆ ಹೆಗಡೆಯವರೇ? ಒಂದೇ ಒಕ್ಕಣೆಯ ಚೀಟಿ ಎಲ್ಲರಿಗೂ ಕೊಟ್ಟು ಕೊಟೇಶನ್ ಬರಹದಲ್ಲಿ ತರಿಸಿ. ಒಳಪುಟ 144, 70 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ) ಮ್ಯಾಪ್ಲಿಥೋ, ಅಂದರೆ ಲೇಪವಿಲ್ಲದ ಬಿಳಿ ಕಾಗದ, ಒಂದೇ ಬಣ್ಣ. 16 ಪುಟ 130 ಜಿಎಸ್‌ಎಂ ಆರ್ಟ್ ಪೇಪರ್ (ನುಣುಪು ಲೇಪದ ಕಾಗದ), ನಾಲ್ಕು ಬಣ್ಣ. ರಕ್ಷಾಪುಟ 300 ಜಿಎಸ್‌ಎಂ ಆರ್ಟ್ ಬೋರ್ಡ್, ಹೊರಮೈಗೆ ಮಾತ್ರ ಮುದ್ರಣ, ಮ್ಯಾಟ್ ಲ್ಯಾಮಿನೇಶನ್. ಡಿಟಿಪಿ (ಅಕ್ಷರ ಜೋಡಣೆ, ಪುಟ ವಿನ್ಯಾಸ), ಪ್ಲೇಟು (ಅಚ್ಚಿನ ತಗಡು), ಸಾಗಾಟ, ಜಿಎಸ್‌ಟಿ ಒಳಗೋ ಹೊರಗೋ ಎಂದು ಬರೆಸಿಕೊಳ್ಳಿ. ಕಡಿಮೆ ರೇಟಿನ ಗುಟ್ಟು ಹೆಚ್ಚಾಗಿ ಇಲ್ಲೇ ಇರುತ್ತದೆ.

ಡೆಮಿ ಮಶೀನಿನಲ್ಲಿ ಹಾಳೆಯ ಎರಡೂ ಮಗ್ಗುಲು ಸೇರಿ 16 ಪುಟ ಕೂರುತ್ತದೆ, ಅದೇ ಒಂದು ಫಾರ್ಮು. 144 ಪುಟಕ್ಕೆ 9 ಫಾರ್ಮು, ಮಗ್ಗುಲಿಗೊಂದರಂತೆ 18 ಪ್ಲೇಟು. ಬಣ್ಣದ ಫಾರ್ಮಿಗೆ ಬಣ್ಣಕ್ಕೊಂದರಂತೆ ಎರಡು ಮಗ್ಗುಲಿಗೆ 8, ರಕ್ಷಾಪುಟಕ್ಕೆ 4. ಕೊನೆ ಗಳಿಗೆಯಲ್ಲಿ ಶುಭಾಶಯದ ಜಾಹೀರಾತು ಬಂತೆಂದು 2 ಪುಟ ಹೆಚ್ಚಿಸಿದರೆ ಅಷ್ಟಕ್ಕೇ ಬೇರೆ ಪ್ಲೇಟು, ಮಶೀನಿನಲ್ಲಿ ಬೇರೆ ಓಟ. ಸ್ಮರಣ ಸಂಚಿಕೆಯಲ್ಲಿ ಇದು ಆಗದೇ ಇರುವುದೇ ಇಲ್ಲ, ಹಾಗಾಗಿ ಮೊದಲೇ ಎರಡು ಪುಟ ಖಾಲಿ ಇಟ್ಟುಕೊಳ್ಳಿ.

1000 ಪ್ರತಿಗೆ ಡಿಜಿಟಲ್ ಬೇಡ. ಇನ್ನೂರು ಮುನ್ನೂರರ ಒಳಗಾದರೆ ಅದು ಸರಿ. ಪ್ರತಿ ಹೆಚ್ಚಿದಂತೆ ಆಫ್‌ಸೆಟ್‌ನಲ್ಲಿ (ಪ್ಲೇಟು ಕಟ್ಟಿ ಅಚ್ಚು ಹಾಕುವ ಕ್ರಮ) ಪ್ಲೇಟಿನ ಖರ್ಚು ಹಂಚಿಹೋಗುತ್ತದೆ, ಡಿಜಿಟಲ್‌ನಲ್ಲಿ ಪುಟಕ್ಕಿಷ್ಟು ಎಂಬುದು ಹೆಚ್ಚು ಇಳಿಯುವುದಿಲ್ಲ.

ಕಾರವಾರ_ಡಿಟಿಪಿ:
ಕನ್ನಡ ಫೈಲಿನ ವಿಷಯ ಯಾರೂ ಎತ್ತಲಿಲ್ಲ, ನಿಜವಾದ ತಲೆನೋವು ಅಲ್ಲೇ ಇರುವುದು. ಲೇಖಕರು ಕಳಿಸುವುದು ಮೊಬೈಲಿನಲ್ಲಿ ಒತ್ತಿದ ಯೂನಿಕೋಡ್. ಪ್ರೆಸ್ಸಿನಲ್ಲಿ ಹಳೆಯ ಪೇಜ್‌ಮೇಕರ್ (ಪುಟ ವಿನ್ಯಾಸದ ತಂತ್ರಾಂಶ) ಇದ್ದರೆ ಆ ಬರಹವನ್ನು ನುಡಿ ಆಸ್ಕಿಗೆ (ಯೂನಿಕೋಡಿಗೆ ಮುಂಚಿನ ಕನ್ನಡ ಫಾಂಟಿನ ಸಂಕೇತ) ಪರಿವರ್ತಿಸುತ್ತಾರೆ. ಆಗ ನಡುವಿನ ಇಂಗ್ಲಿಷ್ ಪದಗಳು ಕಲಸಿಹೋಗುತ್ತವೆ, 'ರಾಜ್‌ಕುಮಾರ್' ಇದ್ದದ್ದು 'ರಾಜ್ಕುಮಾರ್' ಆಗಬಹುದು. ಹೊಸ ತಂತ್ರಾಂಶ ಇನ್‌ಡಿಸೈನ್ ಇದ್ದರೂ ಅದರಲ್ಲಿ ವರ್ಲ್ಡ್ ರೆಡಿ ಕಂಪೋಸರ್ (ಭಾರತೀಯ ಲಿಪಿ ಕೂಡಿಸುವ ಸೌಲಭ್ಯ) ಆಯ್ಕೆ ಮಾಡದಿದ್ದರೆ ಒತ್ತಕ್ಷರ ಕೂಡುವುದಿಲ್ಲ. ಪ್ರೆಸ್ ಗೊತ್ತುಮಾಡುವ ಮುಂಚೆ ಒಂದು ಪುಟ ಪರೀಕ್ಷೆಗೆ ಕೊಡಿ. ಅದರಲ್ಲಿ ದಾರ್ಢ್ಯ, ಸ್ವಾತಂತ್ರ್ಯ, ಅರ್ಘ್ಯ, ಒಂದು ಇಂಗ್ಲಿಷ್ ಸಾಲು, ಕನ್ನಡ ಅಂಕಿಯ ಒಂದು ಕೋಷ್ಟಕ ಇರಲಿ. ಪರಿವರ್ತನೆ ಆದ ನಂತರದ್ದನ್ನೇ ಪ್ರೂಫ್ ನೋಡಿ. ಅದಕ್ಕೂ ಮೊದಲು ತಿದ್ದಿದ್ದು ಹೊಳೆಯಲ್ಲಿ ಹುಣಸೆ ತೊಳೆದ ಹಾಗೆ.

ಫೋಟೋ ವಾಟ್ಸಾಪಿನಲ್ಲಿ ಬರುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲದಿದ್ದರೆ ಪಿಕ್ಸೆಲ್ ಕಡಿಮೆಯಾಗುತ್ತದೆ. 10 ಸೆಂ.ಮೀ. ಅಗಲಕ್ಕೆ ಅಚ್ಚಾಗಲು ಸುಮಾರು 1200 ಪಿಕ್ಸೆಲ್ ಬೇಕು. ಬಣ್ಣದ ಪುಟಗಳ ಅಕ್ಷರ ಬರೀ ಕಪ್ಪು ಪ್ಲೇಟಿನಲ್ಲಿ ಇರಬೇಕು. ನಾಲ್ಕೂ ಬಣ್ಣದಲ್ಲಿ ಹರಿದರೆ ಕೂದಲೆಳೆಯಷ್ಟು ಜರುಗಿದರೂ ಅಕ್ಷರಕ್ಕೆ ನೆರಳು ಬೀಳುತ್ತದೆ.

ಹೆಗಡೆ_ಶಿರಸಿ:
70 ಜಿಎಸ್‌ಎಂ ಅಂದು 60 ಹಾಕಿದರೆ ನಮಗೆ ಗೊತ್ತಾಗುವುದು ಹೇಗೆ?

ಮಶಿ_ಕಾಗದ:
ತಕ್ಕಡಿಗೆ ಹಾಕಿ. ಕತ್ತರಿಸಿದ ಪುಟ 5.5×8.5 ಇಂಚು. ಮೇಲೆ ಹೇಳಿದ ಕಾಗದದಲ್ಲಿ ನಿಮ್ಮ 160 ಪುಟದ ಪುಸ್ತಕ 200 ಗ್ರಾಂ ಆಸುಪಾಸು ತೂಗಬೇಕು. 60 ಹಾಕಿದ್ದರೆ 180ರ ಹತ್ತಿರ ಬರುತ್ತದೆ. ಮಳೆಗಾಲದಲ್ಲಿ ಕಾಗದ ನೀರು ಹೀರಿ ತುಸು ಹೆಚ್ಚು ತೂಗುತ್ತದೆ, ಕಡಿಮೆಯಂತೂ ಆಗುವುದಿಲ್ಲ. ಬಿಡಿ ಪುಸ್ತಕ ಬೇಡ, ಹತ್ತು ಒಟ್ಟಿಗೆ ತೂಗಿ. ಮುದ್ರಣಕ್ಕೆ ಮೊದಲೇ ನೋಡುವುದಾದರೆ 23×36 ಇಂಚಿನ 500 ಹಾಳೆಯ ರೀಮು 18.6 ಕೆ.ಜಿ. ಸುಮಾರಿಗೆ ಇರಬೇಕು.

ಕುಮಟಾ_ಬೈಂಡರ್:
ಜುಲೈ ಅಂದಿರಿ. ಶಿರಸಿಯ ಮಳೆಯಲ್ಲಿ ಮಶಿ ಬೇಗ ಒಣಗುವುದಿಲ್ಲ. ಅವಸರಕ್ಕೆ ಅಟ್ಟಿ ಹಾಕಿದರೆ ಮೇಲಿನ ಹಾಳೆಯ ಬೆನ್ನಿಗೆ ಮಶಿ ಹತ್ತುತ್ತದೆ. ರಕ್ಷಾಪುಟ ಹಸಿಯಿರುವಾಗ ಲ್ಯಾಮಿನೇಶನ್ ಮಾಡಿದರೆ ಗುಳ್ಳೆ ಏಳುತ್ತದೆ. ಮುದ್ರಣ ಮುಗಿದ ಮೇಲೆ ಒಣಗಲಿಕ್ಕೆಂದೇ ಎರಡು ದಿನ ವೇಳಾಪಟ್ಟಿಯಲ್ಲಿ ಬರೆಸಿ.

ಒಂದೇ ಬಣ್ಣದ ಮಶೀನಿನಲ್ಲಿ ನಾಲ್ಕು ಸಲ ಓಡಿಸಿ ಬಣ್ಣದ ಪುಟ ತೆಗೆಯುತ್ತಾರೋ ಎಂದು ಕೇಳಿ. ಓಟದಿಂದ ಓಟಕ್ಕೆ ಥಂಡಿಗೆ ಕಾಗದ ಹಿಗ್ಗಿ ಬಣ್ಣ ಒಂದರ ಮೇಲೊಂದು ಕೂರುವುದಿಲ್ಲ. ಆ ಒಂದು ಫಾರ್ಮು ಮತ್ತು ರಕ್ಷಾಪುಟವನ್ನು ಶಿರಸಿಯವರು ಹುಬ್ಬಳ್ಳಿಯ ನಾಲ್ಕು ಬಣ್ಣದ ಮಶೀನಿನಲ್ಲಿ ಮಾಡಿಸಿ ತಂದರೆ ಒಳ್ಳೆಯದೇ, ಹೊಣೆ ಮಾತ್ರ ಶಿರಸಿಯವರದ್ದೇ ಇರಲಿ. ನನ್ನ ಓಟು ಇದಕ್ಕೇ: ಪ್ರೂಫಿಗೆ ಹತ್ತು ಸಲ ಓಡಾಡಬೇಕಾದ ಕೆಲಸಕ್ಕೆ ಊರಿನ ಪ್ರೆಸ್ ಅನುಕೂಲ.

ಬೈಂಡಿಂಗ್ ಬರೀ ಗಮ್ಮಿನದ್ದು ಬೇಡ, ಸೆಕ್ಷನ್ ಹೊಲಿಗೆ (ಮಡಚಿದ ಫಾರ್ಮುಗಳನ್ನು ನಡುವೆ ದಾರದಿಂದ ಹೊಲಿಯುವುದು) ಹಾಕಿಸಿ. ನಡುವೆ ಆರ್ಟ್ ಪೇಪರ್ ಇದೆ, ಅದರ ನುಣುಪಿಗೆ ಗಮ್ಮು ಸರಿಯಾಗಿ ಕಚ್ಚುವುದಿಲ್ಲ. ಮೊದಲು ಕಳಚುವುದು ಫೋಟೋ ಪುಟಗಳೇ. ಅಚ್ಚಿಗೆ ಮೊದಲು ಅದೇ ಕಾಗದದ ಖಾಲಿ ಡಮ್ಮಿ (ಮಾದರಿ ಪುಸ್ತಕ) ಕಟ್ಟಿಸಿಕೊಂಡು ಪೂರ್ತಿ ಬಿಡಿಸಿ ನೋಡಿ. ಮುಂಗಡ ಅರ್ಧ ಸಾಕು. ಉಳಿದದ್ದು ಎಲ್ಲ ಕಟ್ಟು ಎಣಿಸಿ, ಅಲ್ಲೊಂದು ಇಲ್ಲೊಂದು ಬಿಚ್ಚಿ ಫಾರ್ಮು ತಲೆಕೆಳಗಾಗಿದೆಯೋ ನೋಡಿದ ಮೇಲೆ.