ಇಂಗ್ಲೆಂಡಿಗೆ ಹೊರಟ ನರ್ಸ್‌ಗೆ ಅಲ್ಲಿನ ವಾರ್ಡಿನಲ್ಲಿ ಎದುರಾಗುವುದೇನು?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ):
ನನ್ನ ತಂಗಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಇಲ್ಲಿನ ಖಾಸಗಿ ಆಸ್ಪತ್ರೆಯೊಂದರ ಐಸಿಯುವಿನಲ್ಲಿದ್ದಾಳೆ. ಒಇಟಿ (ಆರೋಗ್ಯ ಸಿಬ್ಬಂದಿಯ ಇಂಗ್ಲಿಷ್ ಪರೀಕ್ಷೆ), ಸಿಬಿಟಿ (ಬ್ರಿಟನ್ನಿನ ನರ್ಸ್ ನೋಂದಣಿಗೆ ಬೇಕಾದ ಕಂಪ್ಯೂಟರ್ ಪರೀಕ್ಷೆ) ಎರಡೂ ಪಾಸಾಗಿ ಇಂಗ್ಲೆಂಡಿನ ಆಸ್ಪತ್ರೆಯೊಂದರ ಸಂದರ್ಶನಕ್ಕೆ ತಯಾರಾಗುತ್ತಿದ್ದಾಳೆ. ಅವಳ ಕೈ ಪಳಗಿದೆ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೂ ಅಲ್ಲಿಗೆ ಹೋದ ಮೊದಲ ತಿಂಗಳುಗಳಲ್ಲಿ ಅನುಭವಸ್ಥರೂ ಎದೆಗುಂದುತ್ತಾರೆ ಎಂದು ಕೇಳುತ್ತೇವೆ. ಕಾರಣವೇನು? ಏಜೆಂಟರೊಬ್ಬರು ದೊಡ್ಡ ಮೊತ್ತದ ಶುಲ್ಕವನ್ನೂ ಕೇಳುತ್ತಿದ್ದಾರೆ. ಕೊಡಬೇಕೆ?

ಉತ್ತರ 1 (ಚಿತ್ರದುರ್ಗದವಳು, ಈಗ ಇಂಗ್ಲೆಂಡಿನಲ್ಲಿ):
ನಮ್ಮೂರಿನಲ್ಲಿ ರೋಗಿಯ ಮೈ ಒರೆಸುವುದು, ಗಂಜಿ ಕುಡಿಸುವುದು, ಶೌಚಕ್ಕೆ ಕರೆದೊಯ್ಯುವುದು ಎಲ್ಲವನ್ನೂ ಜೊತೆಗಿರುವ ಮನೆಯವರೇ ಮಾಡುತ್ತಾರೆ. ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಓಡುವವರೂ ಅವರೇ. ಇಲ್ಲಿ ಹಾಸಿಗೆಯ ಪಕ್ಕ ರಾತ್ರಿ ಕಳೆಯುವ ಬಂಧುಗಳು ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಅದೆಲ್ಲ ನರ್ಸ್ ಮತ್ತು ಸಹಾಯಕರ ಪಾಲಿಗೆ ಬರುತ್ತದೆ. ಅದೇ ವೇಳೆಗೆ, ಊರಿನಲ್ಲಿ ದಿನವಿಡೀ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕುತ್ತಿದ್ದವರೂ ಇಲ್ಲಿನ ಆಸ್ಪತ್ರೆಯ ತರಬೇತಿ ಪಡೆದು, ಬಲ್ಲವರ ಎದುರು ಮಾಡಿ ತೋರಿಸಿ, ಸಹಿ ಹಾಕಿಸಿಕೊಳ್ಳುವವರೆಗೆ ಅದಕ್ಕೆ ಕೈ ಹಾಕುವಂತಿಲ್ಲ. ಐಸಿಯುವಿನಲ್ಲಿ ದುಡಿದವರಿಗೆ ಇದು ಹಿಂಬಡ್ತಿಯಂತೆ ಕಾಣುತ್ತದೆ. ನನಗೆ ಹಾಗೆ ಅನಿಸುವುದಿಲ್ಲ. ಬೆನ್ನಿನ ಮೇಲೆ ಏಳುತ್ತಿರುವ ಒತ್ತಡದ ಹುಣ್ಣು (ಮಲಗಿದಲ್ಲೇ ಮಲಗಿ ಆಗುವ ಗಾಯ) ಮೈ ಒರೆಸುವವರ ಕಣ್ಣಿಗೇ ಮೊದಲು ಬೀಳುತ್ತದೆ.

ಇದಕ್ಕಿಂತ ಕಷ್ಟವಾದದ್ದು ವೈದ್ಯರಿಗೆ ನಾವಾಗಿಯೇ ಫೋನ್ ಮಾಡಿ ಹೇಳುವುದು. ರೋಗಿಯ ಸ್ಥಿತಿ ಹದಗೆಡುತ್ತಿರುವುದನ್ನು ಬೇಗ ಗುರುತಿಸಲು ಬಳಸುವ ನ್ಯೂಸ್-2 ಎಂಬ ಪಟ್ಟಿಯಲ್ಲಿ ಉಸಿರಾಟ, ಆಮ್ಲಜನಕ, ರಕ್ತದೊತ್ತಡ, ನಾಡಿ, ಪ್ರಜ್ಞೆ, ಜ್ವರ ಇವುಗಳಿಗೆ ಅಂಕ ಹಾಕುತ್ತೇವೆ; ಏರುಪೇರು ಹೆಚ್ಚಿದಷ್ಟೂ ಅಂಕ ಹೆಚ್ಚು. ಒಟ್ಟು 5 ಆದರೆ ತುರ್ತಾಗಿ ತಿಳಿಸಬೇಕು, 7 ಆದರೆ ತುರ್ತು ತಂಡವನ್ನೇ ಕರೆಯಬೇಕು. ರೌಂಡ್ಸಿಗೆ ಬಂದಾಗ ಹೇಳಿದರಾಯಿತು ಎಂದು ಕಾಯುವಂತಿಲ್ಲ. ಉಸಿರನ್ನು ಗಡಿಯಾರ ನೋಡುತ್ತಾ ಪೂರ್ತಿ 1 ನಿಮಿಷ ಎಣಿಸುವ ರೂಢಿಯನ್ನು ನಿಮ್ಮ ತಂಗಿ ಅಲ್ಲಿಂದಲೇ ಮಾಡಿಕೊಳ್ಳಲಿ. ಇಲ್ಲಿಗೆ ಬಂದ ಮೇಲೆ ಎದುರಿಸುವ ಆಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆಯ 10 ಸ್ಟೇಷನ್ನುಗಳ (ಹಂತಗಳ) ಪೈಕಿ ರೋಗಿಯ ಎದುರು ಮಾಡಿ ತೋರಿಸುವವುಗಳಲ್ಲಿ ಹೆಸರು, ಜನ್ಮದಿನಾಂಕ ಕೇಳಿ, ಕೈಪಟ್ಟಿಯೊಂದಿಗೆ ತಾಳೆ ನೋಡಿ, ರೋಗಿಯ ಒಪ್ಪಿಗೆ ಪಡೆಯುವಂಥ ಸಣ್ಣ ಹೆಜ್ಜೆಗಳಲ್ಲೇ ಪಳಗಿದವರು ಎಡವುವುದು.

ಉತ್ತರ 2 (ನಿವೃತ್ತ ನರ್ಸಿಂಗ್ ಅಧ್ಯಾಪಕಿ, ದಾವಣಗೆರೆ):
ಶುಲ್ಕವನ್ನು ದಯವಿಟ್ಟು ಕೊಡಬೇಡಿ. ಬ್ರಿಟನ್ ಸರ್ಕಾರದ ನೇಮಕಾತಿ ಸಂಹಿತೆಯ ಪ್ರಕಾರ ಕೆಲಸ ಕೊಡಿಸಿದ್ದಕ್ಕಾಗಿ ಅಭ್ಯರ್ಥಿಯಿಂದ ಹಣ ಪಡೆಯುವಂತಿಲ್ಲ. ಆ ಏಜೆಂಟರು ವಿದೇಶಿ ನೌಕರಿಗಾಗಿ ಭಾರತ ಸರ್ಕಾರ ನಡೆಸುವ ಜಾಲತಾಣ ಇ-ಮೈಗ್ರೇಟ್‌ನಲ್ಲಿ ನೋಂದಾಯಿತರೇ ಎಂದು ನೋಡಿ. ಸಾಲ ಮಾಡಿ ಹಣ ಕಟ್ಟಿ ಕಣ್ಣೀರು ಹಾಕಿದ ಮನೆಗಳನ್ನು ನಾನು ಬಲ್ಲೆ. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಿಂದ ನರ್ಸ್ ನೋಂದಣಿಯ ದೃಢೀಕರಣಕ್ಕೂ ಈಗಲೇ ಅರ್ಜಿ ಹಾಕಿ. ಅದಕ್ಕೂ ಮೊದಲು ಹೆಸರನ್ನು ಪರಿಶೀಲಿಸಿ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರು ಇದ್ದು ಕಡತ ನಿಂತುಬಿಡುವುದು ನಮ್ಮ ಕಡೆ ಬಹಳ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಆಸ್ಕಿ ಪಾಸಾಗುವವರೆಗೆ ಸಂಬಳ ಇರುತ್ತದೆಯೇ?

ಉತ್ತರ 1ರವರು:
ಇರುತ್ತದೆ. ಎನ್‌ಎಚ್‌ಎಸ್ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯಾದರೆ ಆಸ್ಕಿ ಪಾಸಾಗಿ ಇಲ್ಲಿನ ನರ್ಸ್ ಆಗಿ ನೋಂದಣಿಯಾದ ನಂತರ ಬ್ಯಾಂಡ್ (ವೇತನ ಶ್ರೇಣಿ) 5, ಅಲ್ಲಿಯವರೆಗೆ ಅದಕ್ಕಿಂತ ಕೆಳಗಿನ ಬ್ಯಾಂಡಿನ ಸಂಬಳ. ಎರಡೂ ಮೊತ್ತ, ಮೊದಲ ವಾರಗಳ ವಸತಿಯ ಖರ್ಚು ಯಾರದು, ನಡುವೆ ಬಿಟ್ಟರೆ ಎಷ್ಟು ಮರಳಿಸಬೇಕು ಎಂಬುದು ಆಫರ್ ಪತ್ರದಲ್ಲಿ ಬರೆದಿದೆಯೇ ಎಂದು ಸಹಿ ಮಾಡುವ ಮುನ್ನ ನೋಡಿಕೊಳ್ಳಿ.