ಕಲ್ಲಿದ್ದಲನ್ನು ದ್ರವ ಇಂಧನವಾಗಿಸಲು ಹಳೆಯ ಟೈರಿನ ಎಣ್ಣೆ ದ್ರಾವಕವಾದೀತೇ?

ಪ್ರಶ್ನೆ:
ನಾನು ಕೆಮಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿ. ಕಲ್ಲಿದ್ದಲಿನ ನೇರ ದ್ರವೀಕರಣದಲ್ಲಿ ಅದರ ಪುಡಿಯನ್ನು ಟೆಟ್ರಾಲಿನ್‌ನಂಥ, ಹೈಡ್ರೋಜನ್ ಬಿಟ್ಟುಕೊಡಬಲ್ಲ ದ್ರಾವಕದಲ್ಲಿ ಕಲಸಿ, ಹೈಡ್ರೋಜನ್ ಒತ್ತಡದಲ್ಲಿ 400ರಿಂದ 450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಟೆಟ್ರಾಲಿನ್ ದುಬಾರಿಯಾದ್ದರಿಂದ, ಹಳೆಯ ಟೈರುಗಳನ್ನು ಗಾಳಿಯಾಡದಂತೆ ಕಾಯಿಸಿ ತೆಗೆದ ಎಣ್ಣೆಯನ್ನು ಅದರ ಬದಲು ಬಳಸಬಹುದೇ? ಎಣ್ಣೆ ತೆಗೆಯುವ ಗೋಜೇ ಇಲ್ಲದೆ ಟೈರಿನ ಪುಡಿಯನ್ನೇ ಹಾಕಬಾರದೇಕೆ?

ಉತ್ತರ 1:
ಬಳಸಬಹುದು. 1990ರ ದಶಕದಲ್ಲಿ ಅಮೆರಿಕದ ಪ್ರಯೋಗಾಲಯಗಳಲ್ಲಿ ಇದರ ಮೇಲೆ ಸಾಕಷ್ಟು ಕೆಲಸ ನಡೆದಿದೆ. ಕಾದ ಕಲ್ಲಿದ್ದಲಿನ ದೊಡ್ಡ ಅಣುಗಳು ಮುರಿದಾಗ ಹುಟ್ಟುವ ಚೂರುಗಳನ್ನು ದ್ರಾವಕವು ಕರಗಿಸಿಕೊಳ್ಳಬೇಕು, ಜೊತೆಗೆ ಅವು ಮತ್ತೆ ಒಂದಕ್ಕೊಂದು ಅಂಟಿ ಕೋಕ್ (ಗಟ್ಟಿ ಇಂಗಾಲ) ಆಗುವ ಮೊದಲೇ ಅವಕ್ಕೆ ಹೈಡ್ರೋಜನ್ ಒದಗಿಸಬೇಕು. ಟೈರೆಣ್ಣೆಯಲ್ಲಿ ಆರೊಮ್ಯಾಟಿಕ್ (ಬೆಂಜೀನ್‌ನಂಥ ಉಂಗುರವಿರುವ) ಸಂಯುಕ್ತಗಳು ಹೇರಳವಾಗಿರುವುದರಿಂದ ಕರಗಿಸುವ ಕೆಲಸ ಚೆನ್ನಾಗಿಯೇ ಆಗುತ್ತದೆ, ಆದರೆ ಹೈಡ್ರೋಜನ್ ಕೊಡುವುದರಲ್ಲಿ ಅದು ಟೆಟ್ರಾಲಿನ್‌ಗೆ ಸಮನಲ್ಲ. ಹಾಗಾಗಿ ಎಣ್ಣೆಯನ್ನು ಮೊದಲೇ ಹೈಡ್ರೋಜನೀಕರಿಸಿ, ಇಲ್ಲವೇ ಕಬ್ಬಿಣದ ವೇಗವರ್ಧಕ ಸೇರಿಸಿ. ರಬ್ಬರಿನಿಂದ ಎಣ್ಣೆಗೆ ಬರುವ ಗಂಧಕ ಇಂಧನಕ್ಕೆ ದೋಷವೇ ಆದರೂ, ಆ ಕಬ್ಬಿಣವನ್ನು ಚುರುಕಾದ ಸಲ್ಫೈಡ್ (ಗಂಧಕ ಕೂಡಿದ) ರೂಪದಲ್ಲಿಡಲು ನೆರವಾಗುತ್ತದೆ.

ಉತ್ತರ 2:
ಟೈರಿನ ಪುಡಿ ಬೇಡ. ಎರಡನ್ನೂ ಚಿಕ್ಕ ಆಟೊಕ್ಲೇವ್‌ನಲ್ಲಿ (ಒತ್ತಡ ತಡೆಯುವ ಮುಚ್ಚಿದ ಪಾತ್ರೆ) ಮಾಡಿ ನೋಡಿದ ಅನುಭವದಿಂದ ಹೇಳುತ್ತಿದ್ದೇನೆ. ಟೈರಿನ ತೂಕದ ಸುಮಾರು ಕಾಲು ಭಾಗ ಕಾರ್ಬನ್ ಬ್ಲ್ಯಾಕ್ (ರಬ್ಬರನ್ನು ಗಟ್ಟಿಗೊಳಿಸಲು ಬೆರೆಸುವ ನುಣುಪಾದ ಇಂಗಾಲದ ಪುಡಿ), ಅದು ಕರಗುವುದಿಲ್ಲ. ಪಾತ್ರೆಯಲ್ಲಿದ್ದುದನ್ನು ಟಿಎಚ್‌ಎಫ್‌ ಎಂಬ ದ್ರಾವಕದಿಂದ ತೊಳೆದು ಸೋಸಹೊರಟರೆ ಫಿಲ್ಟರ್ ಪೇಪರ್ ಮೇಲೆ ಕಾಡಿಗೆಯಂಥ ಪದರ ಕಟ್ಟಿಕೊಂಡು, ಪಂಪು ಓಡುತ್ತಿದ್ದರೂ ದ್ರವ ಹನಿಹನಿಯಾಗಿಯೇ ಇಳಿಯುತ್ತಿತ್ತು. ಬೂದಿಯನ್ನೂ ಕರಗದ ಕಲ್ಲಿದ್ದಲನ್ನೂ ಎಣ್ಣೆಯಿಂದ ಬೇರ್ಪಡಿಸುವುದೇ ಈ ವಿಧಾನದಲ್ಲಿ ಬಹಳ ತೊಡಕಿನ ಹಂತವಾಗಿರುವಾಗ, ಅದಕ್ಕೆ ಇನ್ನಷ್ಟು ನುಣುಪು ಪುಡಿಯನ್ನು ನಾವಾಗಿ ಬೆರೆಸುವುದು ಸರಿಯಲ್ಲ. ಮೊದಲೇ ಎಣ್ಣೆ ತೆಗೆದರೆ ಕಾರ್ಬನ್ ಬ್ಲ್ಯಾಕ್, ಉಕ್ಕಿನ ತಂತಿ, ಸತುವಿನ ಬಹುಭಾಗ ಎಲ್ಲವೂ ಅಲ್ಲೇ ಉಳಿಯುತ್ತವೆ. ಆ ಎಣ್ಣೆಯ ಹಗುರ ಭಾಗವನ್ನು ಬಟ್ಟಿ ಇಳಿಸಿ ತೆಗೆದು, ಭಾರದ ಭಾಗವನ್ನು ಮಾತ್ರ ಬಳಸಿ. ಹಗುರ ಭಾಗ ಆವಿಯಾಗಿ ಒತ್ತಡ ಏರಿಸುತ್ತದೆಯೇ ಹೊರತು ಕಲ್ಲಿದ್ದಲಿನೊಂದಿಗೆ ದ್ರವವಾಗಿ ನಿಲ್ಲುವುದಿಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಾದರೆ ಟೆಟ್ರಾಲಿನ್ ಮತ್ತು ಟೈರೆಣ್ಣೆಯ ಭಾರದ ಭಾಗ, ಇವೆರಡನ್ನು ಹೋಲಿಸಿದರೆ ಸಾಕಲ್ಲವೇ?

ಉತ್ತರ 3:
ಸಾಲದು. ದೊಡ್ಡ ಸ್ಥಾವರಗಳು ಟೆಟ್ರಾಲಿನ್ ಕೊಳ್ಳುವುದೇ ಇಲ್ಲ. 2008ರ ಕೊನೆಯಲ್ಲಿ ಆರಂಭವಾದ ಚೀನಾದ ಓರ್ಡೋಸ್ ಸ್ಥಾವರದಲ್ಲಿ, ಕಲ್ಲಿದ್ದಲಿನಿಂದಲೇ ಬಂದ ಎಣ್ಣೆಯ ಒಂದು ಭಾಗವನ್ನು ಹೈಡ್ರೋಜನೀಕರಿಸಿ ಮತ್ತೆ ದ್ರಾವಕವಾಗಿ ಒಳಕ್ಕೆ ಕಳುಹಿಸುತ್ತಾರೆ. ಟೈರೆಣ್ಣೆಯ ನಿಜವಾದ ಪೈಪೋಟಿ ಆ ಮರುಬಳಕೆಯ ಎಣ್ಣೆಯೊಂದಿಗೆ. ಆದ್ದರಿಂದ ಮೊದಲ ಸುತ್ತಿನಲ್ಲಿ ನಿಮಗೆ ಸಿಗುವ ಎಣ್ಣೆಯನ್ನು ಎಸೆಯದೆ ಎತ್ತಿಟ್ಟುಕೊಂಡು, ಟೈರೆಣ್ಣೆಗೆ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಮುಂದಿನ ಸುತ್ತುಗಳನ್ನು ನಡೆಸಿ.